ಊಟದ ಹಾಲ್‌ನಲ್ಲಿ ಗುರುತಿಲ್ಲದವರ ಜೊತೆ ಮಾತು ಶುರು ಮಾಡುವುದು ಹೇಗೆ?



ಕಳೆದ ಸಭೆಯಲ್ಲಿ ಬಂದ ಒಂದು ಮಾತಿನಿಂದ ಈ ಲೇಖನ ಹುಟ್ಟಿತು. ನಮ್ಮ ಹಿರಿಯ ಸದಸ್ಯರೊಬ್ಬರು (ಹೋಳಿಗೆ ಮತ್ತು ಹುಳಿಯಲ್ಲಿ ಅವರ ಕೈ ಮೀರಿಸುವವರು ಹೈದರಾಬಾದಿನಲ್ಲಿ ಕಡಿಮೆ) ಬೇಸರದಿಂದ ಹೇಳಿದರು: “ಬೆಂಕಿ ಮುಂದೆ ನಿಲ್ಲುವುದು ನಾವು. ಆರ್ಡರ್ ಹಿಡಿಯುವುದು ಮಾತ್ರ ಕೋಟು ಹಾಕಿಕೊಂಡ ಈವೆಂಟ್‌ನವರು. ನಮಗೆ ಮಾತು ಬರುವುದಿಲ್ಲ, ಅಷ್ಟೇ ವಿಷಯ.” ಎಲ್ಲರೂ ನಕ್ಕರು. ಆದರೆ ಆ ನಗುವಿನಲ್ಲಿ ಸಂತೋಷ ಇರಲಿಲ್ಲ. ಸಂಪಾದಕರು ನನ್ನ ಕಡೆ ತಿರುಗಿ, “ನೀವು ಗಲ್ಲಾದಲ್ಲಿ ಕೂತು ದಿನವೂ ಹೊಸ ಜನರ ಹತ್ತಿರ ಮಾತಾಡುತ್ತೀರಿ, ಅದನ್ನೇ ಬರೆದು ಕೊಡಿ” ಎಂದರು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕುಂದಾಪುರದ ಕಡೆಯ ಹಳ್ಳಿಯಿಂದ 1986ರಲ್ಲಿ ಮಾವನ ಹೋಟೆಲಿಗೆ ಮಾಣಿಯಾಗಿ ಬಂದಾಗ ನನಗೆ ತೆಲುಗು ಗೊತ್ತಿರಲಿಲ್ಲ, ಉರ್ದು ಗೊತ್ತಿರಲಿಲ್ಲ. ಕನ್ನಡದಲ್ಲಿಯೂ ಹೊಸಬರ ಎದುರು ನಾಲಿಗೆ ಏಳುತ್ತಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುವುದು ಮಾತುಗಾರನ ಪಾಠವಲ್ಲ. ಮಾತು ಬಾರದವನು ಪೆಟ್ಟು ತಿಂದು ಕಲಿತದ್ದು. ತಪ್ಪಿದ್ದರೆ ತಿದ್ದಿ.

ಒಬ್ಬರು ಕರೆದರು, ಆರುನೂರು ಜನ ನೋಡಿದರು

ಮೊದಲು ಒಂದು ಲೆಕ್ಕ. ಫಂಕ್ಷನ್ ಹಾಲ್‌ನಲ್ಲಿ ಆರುನೂರು ಎಲೆಯ ಮದುವೆ. ನಮಗೆ ದುಡ್ಡು ಕೊಡುವವರು ಒಂದು ಮನೆಯವರು. ಉಳಿದವರೆಲ್ಲ ನಮಗೆ ಗುರುತಿಲ್ಲದವರು. ಆದರೆ ಅವರಲ್ಲಿ ಎಷ್ಟೋ ಮನೆಯಲ್ಲಿ ಮುಂದಿನ ಒಂದೆರಡು ವರ್ಷದೊಳಗೆ ಉಪನಯನ, ಸೀಮಂತ, ಗೃಹಪ್ರವೇಶ, ಅರವತ್ತರ ಶಾಂತಿ ಯಾವುದೋ ಒಂದು ಇದ್ದೇ ಇರುತ್ತದೆ. ಅವರು ಅಂದು ನಮ್ಮ ಅಡುಗೆ ತಿಂದಿದ್ದಾರೆ. ಇದಕ್ಕಿಂತ ದೊಡ್ಡ ಜಾಹೀರಾತು ಯಾವ ಪೇಪರಿನಲ್ಲಿ ಸಿಗುತ್ತದೆ? ಆದರೂ ನಮ್ಮಲ್ಲಿ ಹೆಚ್ಚಿನವರು ಏನು ಮಾಡುತ್ತೇವೆ? ಹಿಂದೆ ಒಲೆಯ ಹತ್ತಿರ ನಿಂತು ಹುಡುಗರಿಗೆ ಬೈಯುತ್ತಿರುತ್ತೇವೆ. ಊಟ ಮಾಡಿದವರಿಗೆ ಅಡುಗೆ ಯಾರದ್ದು ಎಂದೇ ಗೊತ್ತಾಗುವುದಿಲ್ಲ.

ನನ್ನ ಆರ್ಡರ್ ಪುಸ್ತಕದಲ್ಲಿ ‘ಯಾರ ಮುಖಾಂತರ’ ಎಂದು ಒಂದು ಕಲಂ ಇದೆ. ಪುಟ ತಿರುಗಿಸಿದರೆ ಅರ್ಧಕ್ಕಿಂತ ಹೆಚ್ಚು ಕಡೆ ‘ಇಂಥ ಮದುವೆಯಲ್ಲಿ ಊಟ ಮಾಡಿದವರು’ ಎಂದೇ ಬರೆದಿದೆ. 2020ರಲ್ಲಿ ಕೊರೋನಾ ಬಂದು ಮದುವೆಗೆ ಐವತ್ತೇ ಜನ ಎಂದು ಸರಕಾರ ಹೇಳಿದ ಕಾಲದಲ್ಲಿ ಈ ಕಲಂ ಖಾಲಿಯಾಯಿತು. ಐವತ್ತು ಜನರೂ ಮನೆಯವರೇ ಆದ ಮೇಲೆ ಹೊಸ ಗಿರಾಕಿ ಎಲ್ಲಿಂದ ಬರಬೇಕು? ಅಪರಿಚಿತರು ಎಂದರೆ ನಮ್ಮ ಉದ್ಯಮಕ್ಕೆ ಏನು ಎಂಬುದು ಆಗ ನನಗೆ ಸರಿಯಾಗಿ ತಿಳಿಯಿತು.

ಈಗ ಇದನ್ನು ಕಲಿಸುವುದಕ್ಕೇ ಕ್ಲಾಸುಗಳಿವೆ, ಮೊಬೈಲಿನಲ್ಲಿ ವಿಡಿಯೋಗಳಿವೆ. ಗುರುತಿಲ್ಲದವರ ಹತ್ತಿರ ಹೇಗೆ ಹೋಗಬೇಕು, ಮೊದಲನೇ ವಾಕ್ಯ ಏನು, ಎರಡನೇದು ಏನು, ಎಲ್ಲ ಬಾಯಿಪಾಠ. ನನ್ನ ಅಣ್ಣನ ಮಗ ನಾಲ್ಕೈದು ತೋರಿಸಿದ. ನೋಡಿದೆ. ಅದರಲ್ಲಿ ಎದುರಿನವರು ಬಲೆಗೆ ಬೀಳುವ ಮೀನಿನ ಹಾಗೆ. ನಮ್ಮದು ಹಾಗಲ್ಲ. ಇವತ್ತು ಮಾತಾಡಿಸಿದವರು ನಾಳೆಯೂ ಇದೇ ಊರಿನಲ್ಲಿ, ಇದೇ ನೆಂಟರ ನಡುವೆ ಇರುತ್ತಾರೆ. ಒಬ್ಬರಿಗೆ ಕಿರಿಕಿರಿ ಮಾಡಿದರೆ ಅದು ಹತ್ತು ಮನೆಗೆ ಹೋಗಿ ಮುಟ್ಟುತ್ತದೆ.

‘ಊಟ ಆಯ್ತಾ?’

ಮಾತು ಶುರು ಮಾಡುವ ವಿದ್ಯೆಯನ್ನು ನಾವು ಹೊರಗಿನವರಿಂದ ಕಲಿಯಬೇಕಾಗಿಲ್ಲ. ನಮ್ಮೂರಿನ ಕಡೆ ಮನೆಗೆ ಯಾರೇ ಬರಲಿ, ಹೆಸರು ಕೇಳುವ ಮೊದಲು ಬೆಲ್ಲ ನೀರು ಕೊಟ್ಟು, “ಬಾಯಾರಿಕೆಗೆ ಎಂತ ಬೇಕು?” ಎನ್ನುತ್ತಾರೆ. ಬಂದ ಕೆಲಸ ಆಮೇಲೆ. ಬಂದವರನ್ನು ವಿಚಾರಿಸದೆ, ಕುಳಿತುಕೊಳ್ಳಿ ಎನ್ನದೆ ಬಿಗಿದುಕೊಂಡಿರುವವರನ್ನು 12ನೇ ಶತಮಾನದಲ್ಲೇ ಬಸವಣ್ಣನವರು ವಚನದಲ್ಲಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದಾರೆ. ಅವರು ಇದ್ದ ಕಲ್ಯಾಣ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, 1956ರ ನವೆಂಬರ್ 1ರವರೆಗೆ ಇದೇ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಬೀದರ್, ಗುಲ್ಬರ್ಗ, ರಾಯಚೂರು ಅಂದು ಮೈಸೂರು ರಾಜ್ಯಕ್ಕೆ ಹೋದವು. ಆದರೆ ಆ ಕಡೆಯ ಎಷ್ಟೋ ಕುಟುಂಬಗಳು ಇಲ್ಲೇ ಉಳಿದವು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೋ ನೃಪತುಂಗ ಶಾಲೆಯ ಕಡೆಗೋ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಊಟ ಆಯ್ತಾ?’ ಎಂದು ನಾವು ಕೇಳುವಾಗ ಊಟದ ಲೆಕ್ಕ ಕೇಳುತ್ತಿಲ್ಲ. ‘ನೀವು ನನ್ನ ಕಣ್ಣಿಗೆ ಬಿದ್ದಿದ್ದೀರಿ’ ಎಂದು ಹೇಳುತ್ತಿದ್ದೇವೆ. ನಮ್ಮ ಕಡೆಯವರು “ಹ್ವಾಯ್, ಊಟ ಆಯ್ತಾ?” ಎನ್ನುತ್ತಾರೆ. ಕಲಬುರಗಿ ಕಡೆಯವರು “ಊಟ ಆತೇನ್ರಿ?” ಎನ್ನುತ್ತಾರೆ. ತೆಲುಗಿನವರು “ಭೋಂಚೇಶಾರಾ ಅಂಡೀ?” ಎನ್ನುತ್ತಾರೆ. ತೆಲಂಗಾಣದ ಹಳ್ಳಿಯವರ ಹತ್ತಿರ “ತಿನ್ನಾರಾ?” ಎಂದರೆ ಅವರಿಗೆ ಇನ್ನೂ ಹತ್ತಿರ. ಹಳೇ ಶಹರದವರಿಗೆ “ಖಾನಾ ಹೋಗಯಾ ಸಾಬ್?” ಸಾಕು. ಮೂರು ಭಾಷೆಯಲ್ಲೂ ಒಂದೇ ಪ್ರಶ್ನೆ! ಕೇಟರಿಂಗ್‌ನವನು ಇದನ್ನು ಕೇಳಿದರೆ ಯಾರೂ ‘ಇವನಿಗೇನು’ ಎಂದುಕೊಳ್ಳುವುದಿಲ್ಲ. ಬ್ಯಾಂಕಿನವನಿಗೆ, ಇನ್ಶೂರೆನ್ಸಿನವನಿಗೆ ಈ ಅನುಕೂಲ ಇಲ್ಲ. ಮಾತಾಡಿಸಲು ನಮಗೆ ಕಾರಣ ಹುಡುಕಬೇಕಾಗಿಲ್ಲ. ಕಾರಣ ಅವರ ತಟ್ಟೆಯಲ್ಲೇ ಇದೆ.

ಎರಡನೇ ಪ್ರಶ್ನೆ ‘ಯಾವ ಊರು?’. ಪರಊರಿನಲ್ಲಿ ಕನ್ನಡದವರಿಗೆ ಇದು ಬಹಳ ಸವಿ. ಹೊಸಪೇಟೆ ಎಂದರೆ ಒಂದು ಮಾತು ಬರುತ್ತದೆ, ಹೊನ್ನಾವರ ಎಂದರೆ ಇನ್ನೊಂದು. ಆದರೆ ಅಲ್ಲಿಗೆ ನಿಲ್ಲಿಸಬೇಕು. ‘ಯಾರ ಪೈಕಿ? ಮನೆತನದ ಹೆಸರೇನು?’ ಎಂದು ಮುಂದುವರಿದರೆ ಎದುರಿನವರಿಗೆ ತಿಳಿಯುತ್ತದೆ, ಇವನು ಜಾತಿ ಅಳೆಯುತ್ತಿದ್ದಾನೆ ಎಂದು. ನಾನು ಮೊದಮೊದಲು ಹಾಗೆ ಕೇಳುತ್ತಿದ್ದೆ. ಕೆಟ್ಟ ಮನಸ್ಸಿನಿಂದಲ್ಲ, ಊರಿನಲ್ಲಿ ಹಾಗೆ ಕೇಳಿ ಅಭ್ಯಾಸ. ಒಮ್ಮೆ ಒಬ್ಬ ಯುವಕ ನಗುತ್ತಲೇ, “ಅಣ್ಣಾ, ಅದು ಗೊತ್ತಾದರೆ ಇಡ್ಲಿ ರೇಟು ಬೇರೆ ಆಗುತ್ತದಾ?” ಎಂದ. ಅಂದಿನಿಂದ ಆ ಪ್ರಶ್ನೆ ಬಿಟ್ಟೆ.

‘ಹೇಗಿದೆ ಊಟ?’ ಎಂದು ಕೇಳಬೇಡಿ

ನಮ್ಮವರು ಮಾಡುವ ದೊಡ್ಡ ತಪ್ಪು ಇದು. ‘ಹೇಗಿದೆ ಊಟ?’ ಎಂದರೆ ಬರುವ ಉತ್ತರ ಒಂದೇ, ‘ಚೆನ್ನಾಗಿದೆ.’ ಅಲ್ಲಿಗೆ ಮಾತು ಮುಗಿಯಿತು. ಇನ್ನೊಬ್ಬರ ಮನೆಯ ಮದುವೆಯಲ್ಲಿ ಕುಳಿತು ಅವರು ಬೇರೆ ಏನು ಹೇಳಲು ಸಾಧ್ಯ? ನಾವು ಕೇಳಿದ್ದು ಪ್ರಶ್ನೆಯಲ್ಲ, ಹೊಗಳಿಕೆಯ ವಸೂಲಿ.

ಅದರ ಬದಲು ಚಿಕ್ಕದಾಗಿ, ಒಂದೇ ಪದಾರ್ಥದ ಬಗ್ಗೆ, ತಪ್ಪು ತೋರಿಸಲು ದಾರಿ ಬಿಟ್ಟು ಕೇಳಿ. “ಸಾರು ಬಿಸಿ ಸಾಲದೇನೋ, ಬೇರೆ ತರಿಸಲಾ?” “ಗೊಜ್ಜಿಗೆ ಹುಳಿ ಜಾಸ್ತಿ ಆಯ್ತೇನು?” ಇಂಥ ಪ್ರಶ್ನೆಗೆ ಜನ ನಿಜ ಹೇಳುತ್ತಾರೆ. ನಿಜ ಹೇಳಿದವರು ಮತ್ತೆ ಎರಡು ಮಾತು ಆಡುತ್ತಾರೆ.

ಒಂದು ಉದಾಹರಣೆ. ಮಲ್ಲಾಪುರದ ಒಂದು ಗೃಹಪ್ರವೇಶ. ಮನೆಯವರು ನಮ್ಮ ಕಡೆಯವರು, ಬಂದವರಲ್ಲಿ ಹೆಚ್ಚಿನವರು ತೆಲುಗಿನವರು. ನಮ್ಮ ಉಡುಪಿ ಸಾಂಬಾರಿಗೆ ಬೆಲ್ಲ ಬೀಳುತ್ತದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಒಬ್ಬ ಹಿರಿಯರು ಸಾಂಬಾರು ಕಲಸಿ ಒಂದು ತುತ್ತು ಬಾಯಿಗಿಟ್ಟು ಕೈ ಹಿಂದಕ್ಕೆ ತೆಗೆದರು. ನಾನು ನೋಡಿದೆ. ನೋಡದ ಹಾಗೆ ಹೋಗಬಹುದಿತ್ತು. ಹತ್ತಿರ ಹೋಗಿ, “ತಾತಗಾರು, ಸಾಂಬಾರು ನಿಮಗೆ ಹಿಡಿಸಲಿಲ್ಲವೇನೋ?” ಎಂದು ತೆಲುಗಿನಲ್ಲಿ ಕೇಳಿದೆ. ಅವರು, “ಇದಿ ಸಾಂಬಾರಾ, ಪಾಯಸಮಾ?” ಎಂದರು. ಪಕ್ಕದವರೆಲ್ಲ ನಕ್ಕರು. ನಾನೂ ನಕ್ಕೆ. “ನಮ್ಮೂರಲ್ಲಿ ಹೀಗೇ, ಬೆಲ್ಲ ಹಾಕದಿದ್ದರೆ ಅತ್ತೆ ಸೊಸೆಗೆ ಬೈಯುತ್ತಾಳೆ” ಎಂದು ಹೇಳಿ, ಅವರಿಗೆ ಸಾದಾ ಪಪ್ಪು, ಗೋಂಗೂರ ಪಚ್ಚಡಿ, ಮೇಲೆ ಒಂದು ಮಿಳ್ಳೆ ತುಪ್ಪ ತಂದು ಬಡಿಸಿದೆ. ಅವರು ಊಟ ಮುಗಿಸಿ ಹೋಗುವಾಗ ನನ್ನನ್ನು ಹುಡುಕಿಕೊಂಡು ಬಂದು ನಂಬರ್ ಬರೆದುಕೊಂಡರು. ಮೊಮ್ಮಗನ ಅಕ್ಷರಾಭ್ಯಾಸಕ್ಕೆ ನೂರೈವತ್ತು ಜನರ ಊಟ ನಮ್ಮದೇ ಆಯಿತು, ‘ಬೆಲ್ಲ ಇಲ್ಲದ ಸಾಂಬಾರು’ ಎಂಬ ಕರಾರಿನ ಮೇಲೆ.

ಆ ದಿನ ನಾನು ಹೊಗಳಿಕೊಂಡಿದ್ದರೆ ಈ ಆರ್ಡರ್ ಬರುತ್ತಿರಲಿಲ್ಲ. ಆ ಬೆಲ್ಲ ನನಗೆ ಹತ್ತು ವಿಸಿಟಿಂಗ್ ಕಾರ್ಡಿಗಿಂತ ಹೆಚ್ಚು ಕೆಲಸ ಮಾಡಿಕೊಟ್ಟಿತು.

ಹೋಟೆಲಿನಲ್ಲಿಯೂ ಹೀಗೆಯೇ. ನಾಚಾರಂನಲ್ಲಿ ಇಎಸ್‌ಐ ಆಸ್ಪತ್ರೆ ಇರುವುದರಿಂದ ಬೆಳಿಗ್ಗೆ ಬೆಳಿಗ್ಗೆ ಇಡ್ಲಿ ಕಟ್ಟಿಸಿಕೊಳ್ಳಲು ಬರುವವರಲ್ಲಿ ರೋಗಿಗಳ ಮನೆಯವರು ಹೆಚ್ಚು. ರಾತ್ರಿ ನಿದ್ದೆಗೆಟ್ಟ ಕಣ್ಣು ನೋಡಿದರೇ ತಿಳಿಯುತ್ತದೆ. ‘ಯಾರಿಗೆ ಏನಾಗಿದೆ?’ ಎಂದು ನಾನು ಕೇಳುವುದಿಲ್ಲ. “ಚಟ್ನಿ ಬೇರೆ ಕಟ್ಟಲಾ? ಖಾರ ಇಲ್ಲದ್ದು ಇದೆ” ಎನ್ನುತ್ತೇನೆ. ಹೇಳಬೇಕು ಅನ್ನಿಸಿದವರು ತಾವಾಗಿ ಹೇಳುತ್ತಾರೆ, ಬೇಡವಾದವರು ಪೊಟ್ಟಣ ತೆಗೆದುಕೊಂಡು ಹೋಗುತ್ತಾರೆ. ಎದುರಿನವರಿಗೆ ಉತ್ತರ ಕೊಡದೆ ಇರಲೂ ಒಂದು ಬಾಗಿಲು ಇಟ್ಟಿರಬೇಕು.

ಎಲ್ಲಿ ನಿಲ್ಲಬೇಕು, ಯಾವಾಗ?

ಪಂಕ್ತಿ ಊಟದಲ್ಲಿ ಈ ಕಷ್ಟ ಇರಲಿಲ್ಲ. ಜನ ಕುಳಿತಿರುತ್ತಾರೆ, ನಾವು ಸಾಲಿನ ನಡುವೆ ನಡೆಯುತ್ತೇವೆ, “ಸಾವಕಾಶ ಊಟ ಮಾಡಿ” ಎಂದು ಉಪಚಾರ ಹೇಳಿದರೆ ಅದೇ ಪರಿಚಯ. ಆದರೂ ಬಾಯಲ್ಲಿ ತುತ್ತು ಇರುವವರಿಗೆ ಪ್ರಶ್ನೆ ಕೇಳುವುದು ಬೇಡ. ಅವರು ಅಗಿಯುತ್ತಾ ತಲೆ ಆಡಿಸಬೇಕು, ನಾವು ಕಾಯುತ್ತಾ ನಿಲ್ಲಬೇಕು, ಇಬ್ಬರಿಗೂ ಮುಜುಗರ.

ಬಫೆಯಲ್ಲಿ ಎಲ್ಲ ಉಲ್ಟಾ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಚಮಚ, ಹಿಂದಿನಿಂದ ಯಾರೋ ತಳ್ಳುತ್ತಾರೆ. ಆಗ ಹೋಗಿ “ಯಾವ ಊರು ಸರ್?” ಎಂದರೆ ಯಾರಿಗೆ ತಾಳ್ಮೆ ಇರುತ್ತದೆ? ನಾನು ಕಂಡುಕೊಂಡ ಒಳ್ಳೆಯ ಜಾಗ ಬೀಡಾ ಕೌಂಟರ್. ಅಲ್ಲಿಗೆ ಬರುವವರ ಹೊಟ್ಟೆ ತುಂಬಿರುತ್ತದೆ, ಕೈ ತೊಳೆದಿರುತ್ತದೆ, ಬೀಡಾ ಕಟ್ಟುವವನು ತಡ ಮಾಡುತ್ತಾನೆ, ನೋಡಲು ಬೇರೆ ಏನೂ ಇರುವುದಿಲ್ಲ. ಎರಡು ನಿಮಿಷ ಅವರು ಪೂರಾ ಬಿಡುವಾಗಿರುತ್ತಾರೆ. ಐಸ್‌ಕ್ರೀಂ ಕೌಂಟರ್ ಅಷ್ಟು ಒಳ್ಳೆಯದಲ್ಲ. ಅಲ್ಲಿ ಮಕ್ಕಳ ಗಲಾಟೆ, ತಾಯಂದಿರ ಗಮನ ಬಟ್ಟೆಯ ಮೇಲೆ.

ನಿಲ್ಲುವುದಕ್ಕೂ ರೀತಿ ಇದೆ. ಬೆನ್ನ ಹಿಂದಿನಿಂದ ಮಾತಾಡಿಸಬಾರದು. ಎದುರಿನಿಂದ, ಒಂದು ಕೈ ಅಳತೆ ದೂರ ನಿಂತು, ಮುಖದ ಬೆವರು ಒರೆಸಿಕೊಂಡು, ಮೊಬೈಲು ಜೇಬಿಗೆ ಹಾಕಿ ಮಾತಾಡಿ. ಹೆಗಲ ಮೇಲೆ ಕೈ ಹಾಕುವುದು ಬೇಡ. ಎದುರಿನವರ ಪಾದ ಯಾವ ಕಡೆ ತಿರುಗಿದೆ ನೋಡಿ. ಮುಖ ನಮ್ಮ ಕಡೆ ಇದ್ದು ಪಾದ ಬಾಗಿಲ ಕಡೆ ಇದ್ದರೆ ಅವರಿಗೆ ಹೋಗಬೇಕಾಗಿದೆ. “ಸರಿ ಸರ್, ನಿಧಾನವಾಗಿ ಹೋಗಿ ಬನ್ನಿ” ಎಂದು ನಾವೇ ಬಿಟ್ಟುಕೊಡಬೇಕು. ಸಾಕು ಎನ್ನುವ ಮೊದಲು ಸೌಟು ಹಿಂದೆ ತೆಗೆಯುವವನೇ ಒಳ್ಳೆಯ ಸಪ್ಲಯರ್ ಅಲ್ಲವೇ? ಮಾತಿನಲ್ಲೂ ಹಾಗೆಯೇ.

ಮಾತಿಗಿಂತ ಮೇಲಿನದು ಒಂದಿದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದವರು. ತಮ್ಮ ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟರು. ಅಪರಿಚಿತರ ನಂಬಿಕೆ ಗಳಿಸಲು ಅದಕ್ಕಿಂತ ದೊಡ್ಡ ಮಾತಿಲ್ಲ. ಅದಕ್ಕೇ ನಾನು ಹಾಲ್‌ನಲ್ಲಿ ಯಾರಾದರೂ ಅಡುಗೆಯ ಬಗ್ಗೆ ಆಸಕ್ತಿ ತೋರಿಸಿದರೆ, “ಬನ್ನಿ, ಹಿಂದೆ ಒಲೆ ಹತ್ತಿರ ನೋಡಿಕೊಂಡು ಹೋಗಿ” ಎಂದು ಕರೆಯುತ್ತೇನೆ. ಹಾಗೆ ಕರೆಯುವ ಧೈರ್ಯ ಇರಬೇಕಾದರೆ ಹಿಂದೆ ಕೊಳಕು ಇರಬಾರದು, ಅದು ಬೇರೆ ಮಾತು!

ಹೆಸರು ಹಿಡಿದು ಕರೆಯುವುದೋ?

ಅಮೆರಿಕದಲ್ಲಿ ಡೇಲ್ ಕಾರ್ನೆಗಿ ಎಂಬವರಿದ್ದರು. 1912ರಿಂದ ನ್ಯೂಯಾರ್ಕಿನಲ್ಲಿ ಜನರಿಗೆ ಭಾಷಣ ಕಲೆ ಕಲಿಸುತ್ತಿದ್ದರು. 1936ರಲ್ಲಿ, ಸ್ನೇಹಿತರನ್ನು ಗಳಿಸುವುದು ಹೇಗೆ ಎಂದು ಪುಸ್ತಕ ಬರೆದರು, ಅದು ಈಗಲೂ ಮಾರಾಟವಾಗುತ್ತಿದೆ. ಎದುರಿನವರಲ್ಲಿ ನಿಜವಾದ ಆಸಕ್ತಿ ಇರಲಿ, ಅವರನ್ನು ಮಾತಾಡಲು ಬಿಟ್ಟು ನೀವು ಕೇಳಿಸಿಕೊಳ್ಳಿ ಎಂಬ ಅವರ ಬುದ್ಧಿಮಾತು ನಮಗೂ ಹೊಂದುತ್ತದೆ. ಆದರೆ ಒಂದು ಹೊಂದುವುದಿಲ್ಲ. ಎದುರಿನವರ ಹೆಸರು ನೆನಪಿಟ್ಟು ಹೆಸರಿನಿಂದಲೇ ಕರೆಯಿರಿ ಎನ್ನುತ್ತಾರೆ ಅವರು. ನಮ್ಮ ಮದುವೆ ಹಾಲ್‌ನಲ್ಲಿ ಎಪ್ಪತ್ತು ವರ್ಷದ ಹಿರಿಯರನ್ನು ಹೆಸರು ಹಿಡಿದು ಕರೆದು ನೋಡಿ, ಏನಾಗುತ್ತದೆ ಎಂದು!

ಹೆಸರು ನೆನಪಿಡಿ, ಆದರೆ ಸಂಬಂಧ ಹಚ್ಚಿ ಕರೆಯಿರಿ. ಧಾರವಾಡದ ಕಡೆಯವರಿಗೆ ಅಜ್ಜಾರ, ಕಾಕಾರ, ನಮ್ಮ ಕಡೆಯವರಿಗೆ ರಾಯರೇ, ಭಟ್ರೇ, ಶೆಟ್ರೇ (ಗೊತ್ತಿದ್ದರೆ ಮಾತ್ರ, ಊಹೆ ಮಾಡಿ ಅಲ್ಲ), ತೆಲುಗಿನವರಿಗೆ ಹೆಸರಿನ ಮುಂದೆ ‘ಗಾರು’. ಹೆಂಗಸರನ್ನು ಎಲ್ಲ ವಯಸ್ಸಿನವರಿಗೂ ‘ಅಮ್ಮಾ’ ಎಂದರೆ ಕನ್ನಡಕ್ಕೂ ಆಯಿತು, ತೆಲುಗಿಗೂ ಆಯಿತು. ‘ಆಂಟಿ’ ಮಾತ್ರ ಬೇಡವೇ ಬೇಡ. ನಮ್ಮ ಹುಡುಗನೊಬ್ಬ ನಲವತ್ತರ ಆಸುಪಾಸಿನ ಹೆಣ್ಣುಮಗಳಿಗೆ “ಆಂಟಿ, ಪೂರಿ?” ಎಂದು ಕೇಳಿ ಪೂರಿಯನ್ನೂ ಆರ್ಡರನ್ನೂ ಕಳೆದುಕೊಂಡಿದ್ದಾನೆ.

ಹೆಣ್ಣುಮಕ್ಕಳ ವಿಷಯ

ಇದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. 2022ರಲ್ಲಿ ಉಪ್ಪಲ್ ಕಡೆಯ ಒಂದು ಆರತಕ್ಷತೆ. ನಮ್ಮ ಬಡಿಸುವ ಹುಡುಗರಲ್ಲಿ ಒಬ್ಬ, ವಯಸ್ಸು ಇಪ್ಪತ್ತು, ಊರಿನಿಂದ ಬಂದು ಎಂಟು ತಿಂಗಳು. ‘ಗೆಸ್ಟ್‌ಗಳ ಜೊತೆ ಮಾತಾಡಿ, ಕಲ್ಲಿನ ಹಾಗೆ ನಿಲ್ಲಬೇಡಿ’ ಎಂದು ನಾನೇ ದಿನವೂ ಹೇಳುತ್ತಿದ್ದೆ. ಅವನು ನಾನು ಹೇಳಿದ್ದನ್ನೂ ಮೊಬೈಲಿನ ವಿಡಿಯೋ ಹೇಳಿದ್ದನ್ನೂ ಸೇರಿಸಿಕೊಂಡ. ಜ್ಯೂಸ್ ಕೌಂಟರಿನ ಹತ್ತಿರ ನಿಂತಿದ್ದ ಒಬ್ಬ ಹುಡುಗಿಗೆ ಡ್ರೆಸ್ ಚೆನ್ನಾಗಿದೆ ಎಂದ. ಆಕೆ ಸುಮ್ಮನೆ ಬೇರೆ ಕಡೆ ಹೋದಳು. ಅವನು ಗ್ಲಾಸು ಹಿಡಿದು ಹಿಂದೆ ಹೋಗಿ ನಂಬರ್ ಕೇಳಿದ. ಎರಡು ನಿಮಿಷದಲ್ಲಿ ಆಕೆಯ ತಂದೆ ಬಂದು ಎಲ್ಲರ ಎದುರು ಅವನ ಕೆನ್ನೆಗೆ ಹೊಡೆದರು. ನಾನು ಓಡಿ ಹೋಗಿ ಕೈ ಮುಗಿದೆ. ಕರೆಸಿದ ಮನೆಯವರು ಮಗಳ ಆರತಕ್ಷತೆಯ ದಿನ ನೆಂಟರ ಮುಂದೆ ತಲೆ ತಗ್ಗಿಸಬೇಕಾಯಿತು. ಬಾಕಿ ಹಣದಲ್ಲಿ ಸ್ವಲ್ಪ ನಾನೇ ಬಿಟ್ಟೆ. ಕೇಳುವ ಮುಖ ಇರಲಿಲ್ಲ.

ರಾತ್ರಿ ಪಾತ್ರೆ ಲೋಡ್ ಮಾಡುವಾಗ ಅವನು ಟೆಂಪೋದ ಹಿಂದೆ ಕೂತು ಅಳುತ್ತಿದ್ದ. “ನೀವೇ ಮಾತಾಡಿ ಅಂದಿರಿ” ಎಂದ. ನನಗೆ ಉತ್ತರ ಇರಲಿಲ್ಲ. ಹುಡುಗಿ ಬೇರೆ ಕಡೆ ಹೋದದ್ದೇ ಉತ್ತರ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹೇಳಿಕೊಡಬೇಕಾಗಿತ್ತು. ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಮರುದಿನ ಎಲ್ಲ ಹುಡುಗರನ್ನು ಕೂರಿಸಿ ಕಡ್ಡಾಯ ಮಾಡಿದೆ: ಹೆಣ್ಣುಮಕ್ಕಳ ಹತ್ತಿರ ಬಡಿಸುವ ಪದಾರ್ಥ ಬಿಟ್ಟು ಬೇರೆ ಮಾತಿಲ್ಲ. ಉಡುಪು, ಕೂದಲು, ರೂಪ ಯಾವುದರ ಬಗ್ಗೆಯೂ ಒಳ್ಳೆಯದನ್ನೂ ಹೇಳಬಾರದು. ಒಮ್ಮೆ ‘ಬೇಡ’ ಎಂದರೆ, ಅಥವಾ ಮುಖ ತಿರುಗಿಸಿದರೆ, ಆ ಟೇಬಲ್ಲಿಗೆ ಬೇರೆ ಹುಡುಗ ಹೋಗಬೇಕು. ಫೋನ್ ನಂಬರ್ ಯಾರ ಹತ್ತಿರವೂ ಕೇಳುವ ಹಾಗಿಲ್ಲ. ಮನೆಯೊಡತಿ ಕೇಟರಿಂಗ್ ವಿಚಾರಿಸಿದರೆ ನನ್ನನ್ನು ಅಥವಾ ಲೆಕ್ಕ ನೋಡುವ ನನ್ನ ಹೆಂಡತಿಯನ್ನು ಕರೆಯಬೇಕು.

ಕಾನೂನೂ ಇದೆ, ಹುಡುಗರಿಗೆ ಹೇಳಿಡುವುದು ಒಳ್ಳೆಯದು. ಹೆಣ್ಣುಮಗಳು ಬೇಡ ಎಂದು ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು 2013ರಿಂದ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಂ. ಹೈದರಾಬಾದಿನಲ್ಲಿ 2014ರಿಂದ ಪೊಲೀಸರ ಶೀ ಟೀಮ್‌ಗಳಿವೆ. ಆದರೆ ಕಾನೂನಿಗೆ ಹೆದರಿ ಮಾತ್ರ ಸರಿ ಇರಬೇಕೇ? ಊಟಕ್ಕೆ ಬಂದವರು ಬಡಿಸುವವನಿಂದ ತಪ್ಪಿಸಿಕೊಳ್ಳಬೇಕಾಗಿ ಬಂದರೆ ನಮ್ಮ ಉದ್ಯಮಕ್ಕೆ ಏನು ಅರ್ಥ?

ಸೂತಕದ ಮನೆಯಲ್ಲಿ ನಾನು ಆಡಿದ ಮಾತು

ಹುಡುಗನ ತಪ್ಪು ಬರೆದು ನನ್ನದನ್ನು ಮುಚ್ಚಿಟ್ಟರೆ ಸರಿಯಾಗುವುದಿಲ್ಲ.

2009. ಹಬ್ಸಿಗುಡದಲ್ಲಿ ಧಾರವಾಡ ಕಡೆಯ ಒಂದು ಕುಟುಂಬ, ಮನೆಯ ಹಿರಿಯರು ತೀರಿಕೊಂಡು ಹದಿಮೂರನೇ ದಿನದ ವೈಕುಂಠ ಸಮಾರಾಧನೆ. ಎಂಬತ್ತು ಎಲೆ. ಆಗ ನಾನು ಹೊಸದಾಗಿ ವಿಸಿಟಿಂಗ್ ಕಾರ್ಡ್ ಮಾಡಿಸಿದ್ದೆ, ಬಣ್ಣದ್ದು, ಒಂದು ಕಡೆ ಗಣಪತಿ, ಇನ್ನೊಂದು ಕಡೆ ‘ಎಲ್ಲ ಶುಭ ಸಮಾರಂಭಗಳಿಗೆ’ ಎಂದು. ಜೇಬಿನಲ್ಲಿ ಕಟ್ಟು ಇಟ್ಟುಕೊಂಡು ಎಲ್ಲಿ ಹೋದರೂ ಹಂಚುತ್ತಿದ್ದೆ. ಅಡುಗೆ ಚೆನ್ನಾಗಿ ಆಯಿತು. ಊಟ ಮುಗಿದು ಹಣ ಕೊಡಲು ಮಗ ಬಂದರು, ತಲೆ ಬೋಳಿಸಿಕೊಂಡಿದ್ದರು, ಕಣ್ಣು ಬಾತಿತ್ತು. ನಾನು ದುಡ್ಡು ಎಣಿಸಿ ಜೇಬಿಗಿಟ್ಟು, ದಿನವೂ ಹೇಳುವ ಮಾತನ್ನು ಅಭ್ಯಾಸಬಲದಿಂದ ಹೇಳಿಬಿಟ್ಟೆ: “ಬಹಳ ಸಂತೋಷ ಸರ್. ಮುಂದಿನ ಕಾರ್ಯಕ್ರಮಕ್ಕೂ ನಮಗೇ ಅವಕಾಶ ಕೊಡಿ.” ಕಾರ್ಡು ಬೇರೆ ಕೈಗಿಟ್ಟೆ. ಸಾಲದ್ದಕ್ಕೆ, “ಬರ್ತೇನೆ” ಎಂದೆ.

ಸಾವಿನ ಮನೆಯಿಂದ ಹೊರಡುವಾಗ ‘ಬರ್ತೇನೆ’ ಎನ್ನಬಾರದು ಎಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಒಳಗೆ ಅವರ ತಾಯಿ ಗೋಡೆಗೆ ಒರಗಿ ಕೂತಿದ್ದರು. ಅವರಿಗೂ ಕೇಳಿಸಿತು. ಮುಂದಿನ ಕಾರ್ಯಕ್ರಮ ಎಂದರೆ ಆ ಮನೆಯಲ್ಲಿ ಯಾರದ್ದು? ಮಗ ಏನೂ ಅನ್ನಲಿಲ್ಲ. ಕಾರ್ಡನ್ನು ನೋಡಿ ಕಿಟಕಿಯ ಹತ್ತಿರ ಇಟ್ಟು ಒಳಗೆ ಹೋದರು. ನಾನು ಮೆಟ್ಟಿಲಿಳಿಯುವಾಗ ನನಗೆ ಹೊಳೆಯಿತು. ಹಿಂದೆ ಹೋಗಿ ಕ್ಷಮೆ ಕೇಳಲು ಧೈರ್ಯ ಬರಲಿಲ್ಲ. ಆ ಮನೆಯಿಂದ ಮತ್ತೆ ಫೋನು ಬರಲಿಲ್ಲ, ನಾನು ಹೋಗಲೂ ಇಲ್ಲ. ಈಗಲೂ ಆ ರಸ್ತೆಯಲ್ಲಿ ಸ್ಕೂಟರ್ ಹೋಗುವಾಗ ಆ ಕಿಟಕಿ ನೋಡುತ್ತೇನೆ.

ಬಾಯಿಪಾಠದ ವಾಕ್ಯಗಳ ಅಪಾಯ ಇದೇ. ಅದು ನಾಲಿಗೆಯ ತುದಿಯಲ್ಲಿ ಕಾಯುತ್ತಿರುತ್ತದೆ. ಮುಖ ನೋಡುವ ಮೊದಲೇ ಜಾರಿ ಹೋಗುತ್ತದೆ. ಅಂದಿನಿಂದ ಶ್ರಾದ್ಧ, ಸಮಾರಾಧನೆಗಳಿಗೆ ಹೋಗುವಾಗ ನಾನು ಕಾರ್ಡು ಹೋಟೆಲಿನಲ್ಲೇ ಬಿಟ್ಟು ಹೋಗುತ್ತೇನೆ. ಹುಡುಗರಿಗೂ ಒಂದೇ ಮಾತು, ಅಲ್ಲಿ ನಗಬೇಡಿ, ಉಪಚಾರದಲ್ಲಿ ಒತ್ತಾಯ ಬೇಡ, ಹೊರಡುವಾಗ ಕೈ ಮುಗಿದು ಸುಮ್ಮನೆ ಬನ್ನಿ. ಮನೆಯವರು ತೀರಿಕೊಂಡವರಿಗೆ ಇಷ್ಟವಾದ ಪದಾರ್ಥ ಹೇಳಿ ಮಾಡಿಸಿದ್ದರೆ, ಅದನ್ನು ಬಡಿಸುವಾಗ “ಇದು ಅವರಿಗೆ ಇಷ್ಟವಾದದ್ದಂತೆ” ಎಂದಷ್ಟೇ ಹೇಳಬಹುದು. ಅಲ್ಲಿ ಜನ ತಾವಾಗಿಯೇ ಮಾತಾಡುತ್ತಾರೆ. ನಾವು ಕೇಳಿಸಿಕೊಂಡರೆ ಸಾಕು.

ಕಾರ್ಡಿನ ವಿಷಯ ಬಂದದ್ದರಿಂದ ಹೇಳುತ್ತೇನೆ, ಈಗ ಶುಭಕಾರ್ಯದಲ್ಲೂ ನಾನಾಗಿ ಕಾರ್ಡು ಕೊಡುವುದಿಲ್ಲ. ಯಾರಾದರೂ ಕೇಳಿದರೆ ಮಾತ್ರ. ಕೇಳಿ ತೆಗೆದುಕೊಂಡ ಕಾರ್ಡು ಪರ್ಸಿಗೆ ಹೋಗುತ್ತದೆ, ಕೇಳದೆ ಕೊಟ್ಟ ಕಾರ್ಡು ಬೀಡಾದ ಸುಣ್ಣ ಒರೆಸಲು ಆಗುತ್ತದೆ. ಒಂದು ಮಾತು ಇನ್ನೂ ಇದೆ. ನಮ್ಮನ್ನು ಕರೆಸಿದ ಮನೆಯವರ ಎದುರು ಬೇರೆಯವರ ಜೊತೆ ರೇಟು ಮಾತಾಡಬಾರದು. “ಇವತ್ತು ಇವರ ಮನೆ ಕೆಲಸ ಅಮ್ಮಾ, ನಾಳೆ ಮಧ್ಯಾಹ್ನ ಮೇಲೆ ಫೋನ್ ಮಾಡಿ” ಎಂದರೆ ಕೇಳಿದವರಿಗೂ ಗೌರವ, ಕರೆಸಿದವರಿಗೂ ಗೌರವ.

ಹುಡುಗರಿಗೆ ಅಭ್ಯಾಸ

ಈಗ ನಮ್ಮಲ್ಲಿ ಬಡಿಸುವವರು ಊರಿನವರು ಮಾತ್ರ ಅಲ್ಲ. ಒಡಿಶಾದವರು, ಬಿಹಾರದವರು, ನೇಪಾಳದವರು. ಅವರಿಗೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ನಾಚಿಕೆ ಬೇರೆ. ನನ್ನ ಹೋಟೆಲಿನಲ್ಲಿ ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ ಖಾಲಿ. ಆ ಹೊತ್ತಿನಲ್ಲಿ ವಾರಕ್ಕೆರಡು ದಿನ ಇಪ್ಪತ್ತು ನಿಮಿಷ ಒಬ್ಬ ಗಿರಾಕಿ, ಒಬ್ಬ ಸಪ್ಲಯರ್ ಆಗುತ್ತಾರೆ. ಗಿರಾಕಿ ಒಂದು ದಿನ ಸಿಡುಕ, ಒಂದು ದಿನ ಕಿವಿ ಕೇಳದ ಅಜ್ಜಿ, ಒಂದು ದಿನ ಮಗುವಿಗೆ ಊಟ ಮಾಡಿಸುತ್ತಿರುವ ತಾಯಿ. ಅಜ್ಜಿಯ ಪಾತ್ರಕ್ಕೆ ನಮ್ಮ ದೋಸೆ ಹೊಯ್ಯುವವನನ್ನು ಮೀರಿಸುವವರಿಲ್ಲ. ನಗುತ್ತಾ ನಗುತ್ತಾ ಹುಡುಗರ ಹೆದರಿಕೆ ಹೋಗುತ್ತದೆ.

ನಾನು ಕಲಿಸುವ ವಾಕ್ಯಗಳು ನಾಲ್ಕೇ. “ಉಪ್ಪು ಸರಿಪೋಯಿಂದಾ ಅಂಡೀ?” “ಇಂಕೊಂಚೆಂ ವೇಯಮಂಟಾರಾ?” “ಇಂದುಲೋ ಉಲ್ಲಿಪಾಯ ಲೇದಂಡಿ.” ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: “ತೆಲುಸುಕೊನಿ ಚೆಪ್ತಾನಂಡಿ”, ಅಂದರೆ ವಿಚಾರಿಸಿ ಹೇಳುತ್ತೇನೆ. ಗೊತ್ತಿಲ್ಲದ್ದಕ್ಕೆ ತಲೆ ಆಡಿಸುವ ಚಟ ನಮ್ಮ ಹುಡುಗರಿಗೆ ಬಹಳ. ಒಬ್ಬರು “ಇದರಲ್ಲಿ ಗೋಡಂಬಿ ಇದೆಯಾ, ಮಗುವಿಗೆ ಆಗುವುದಿಲ್ಲ” ಎಂದು ಕೇಳಿದಾಗ ಹುಡುಗ ನಗುತ್ತಾ ‘ಇಲ್ಲ’ ಎಂದುಬಿಟ್ಟಿದ್ದ. ಕುರ್ಮಕ್ಕೆ ಗೋಡಂಬಿ ಅರೆದು ಹಾಕಿತ್ತು. ನಾನು ಪಕ್ಕದಲ್ಲೇ ಇದ್ದೆ, ತಟ್ಟೆ ತೆಗೆಸಿದೆ. ಅಂಥ ಹೊತ್ತಿನಲ್ಲಿ ಸಿಹಿ ಮಾತಿಗಿಂತ ‘ಗೊತ್ತಿಲ್ಲ, ಕೇಳಿ ಬರುತ್ತೇನೆ’ ಎಂಬುದು ಮಗುವಿನ ಜೀವ ಉಳಿಸುತ್ತದೆ.

2022ರಲ್ಲಿ ಪೆಟ್ಟು ತಿಂದ ಹುಡುಗ ಈಗಲೂ ನನ್ನ ಹತ್ತಿರವೇ ಇದ್ದಾನೆ. ಹೊಸ ಹುಡುಗರಿಗೆ ಈ ಅಭ್ಯಾಸ ಮಾಡಿಸುವವನು ಅವನೇ. ಆ ರಾತ್ರಿಯ ಕಥೆಯನ್ನು ಅವನೇ ಅವರಿಗೆ ಹೇಳುತ್ತಾನೆ, ನಾನು ಆಗ ಗಲ್ಲಾದಲ್ಲಿ ತಲೆ ತಗ್ಗಿಸಿ ಚಿಲ್ಲರೆ ಎಣಿಸುತ್ತಿರುತ್ತೇನೆ.

ಬರುವ ಸಭೆಗೆ ತಾವು ತಮ್ಮ ಬಡಿಸುವ ಹುಡುಗರಲ್ಲಿ ಇಬ್ಬರನ್ನಾದರೂ ಕರೆತನ್ನಿ. ತೆಲುಗು, ಉರ್ದು ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಬರೆದ ಹಾಳೆ ನನ್ನಲ್ಲಿದೆ, ಹಿಂದಿ ಓದುವವರಿಗೆ ಬೇರೆ ಬರೆಸಿದ್ದೇನೆ. ಎಷ್ಟು ಜೆರಾಕ್ಸ್ ಬೇಕು ಎಂದು ಮೊದಲೇ ಕಾರ್ಯದರ್ಶಿಗಳಿಗೆ ತಿಳಿಸಿದರೆ ಅನುಕೂಲ. ದೋಸೆ ಹೊಯ್ಯುವವನನ್ನೂ ಕರೆದುಕೊಂಡು ಬರುತ್ತೇನೆ.